ಈ ಸಲದ ಬ್ಯಾಚ್ ಹೇಗುಂಟು? ಆಸ್ಟ್ರೇಲಿಯಾದ ಡ್ರಾಫ್ಟ್ ಕಲಿಸುವ ಲೆಕ್ಕ

ಮಕ್ಕಳೇ, ಜೂನ್ ತಿಂಗಳಲ್ಲಿ ಟೀಚರ್ಸ್ ರೂಮಿನ ಬಾಗಿಲ ಹತ್ತಿರ ನಿಂತರೆ ನಿಮಗೆ ಒಂದು ಮಾತು ಖಂಡಿತ ಕೇಳ್ತದೆ: "ಈ ಸಲದ ಹತ್ತನೇ ಬ್ಯಾಚ್ ಹೇಗುಂಟು?" ಒಬ್ಬರು "ಪರವಾಗಿಲ್ಲ" ಅಂತಾರೆ. ಇನ್ನೊಬ್ಬರು "ಹೋದ ವರ್ಷದಷ್ಟು ಇಲ್ಲ ಮಾರಾಯ್ರೆ" ಅಂತಾರೆ. ನಾನೂ ಹಾಗೆ ಹೇಳಿದವನೇ. ಒಮ್ಮೆ ಬಾಯಿತಪ್ಪಿ ಕ್ಲಾಸಿನಲ್ಲೇ ಹೇಳಿಬಿಟ್ಟೆ. ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಬ್ಯಾಚ್ ಅಂದ್ರೆ ಯಾರು? ಫಸ್ಟ್ ಬರುವ ಮೂರು ಜನವಾ, ಇಲ್ಲ ನಾವೆಲ್ಲ ಸೇರಿಯಾ?" ನನಗೆ ಕೂಡಲೇ ಉತ್ತರ ಬರಲಿಲ್ಲ. ಬೋರ್ಡಿನ ಕಡೆ ತಿರುಗಿ ಪಾಠ ಮುಂದುವರಿಸಿದೆ.

ಅವಳ ಪ್ರಶ್ನೆಯನ್ನೇ ಪ್ರತಿವರ್ಷ ಕೇಳಿಕೊಂಡು, ಅದರ ಉತ್ತರದ ಮೇಲೆ ದೊಡ್ಡ ದೊಡ್ಡ ವ್ಯವಹಾರ ಮಾಡುವ ಜಾಗ ಒಂದುಂಟು. ಅದು ಆಸ್ಟ್ರೇಲಿಯಾದ ಫುಟ್‌ಬಾಲ್ ಲೀಗ್. ಈ ಆಟವನ್ನು ನಮ್ಮಲ್ಲಿ ನೋಡಿದವರು ಕಡಿಮೆ. ಆದರೆ ಅದರ ಮೈದಾನವನ್ನು ನೀವೆಲ್ಲ ನೋಡಿದ್ದೀರಿ. ಕ್ರಿಸ್‌ಮಸ್ ರಜೆಯಲ್ಲಿ ಬೆಳಿಗ್ಗೆ ಬೇಗ ಎದ್ದು ಟಿ.ವಿ. ಹಾಕಿದರೆ ಬಾಕ್ಸಿಂಗ್ ಡೇ ಟೆಸ್ಟ್ ಬರ್ತದಲ್ಲ, ಆ ಮೆಲ್ಬೋರ್ನ್ ಕ್ರಿಕೆಟ್ ಮೈದಾನ. ಅಲ್ಲಿಯ ಚಳಿಗಾಲ ಬಂತೆಂದರೆ ಪಿಚ್‌ನ ಜಾಗದಲ್ಲಿ ಮೊಟ್ಟೆಯಾಕಾರದ ಚೆಂಡು ಹಿಡಿದ ಹುಡುಗರು ಓಡಾಡ್ತಾರೆ.

ಆಟದ ಬಗ್ಗೆ ಎರಡು ಮಾತು ಸಾಕು. ಇದರ ನಿಯಮಗಳನ್ನು ಮೊದಲು ಬರೆದದ್ದು 1859ರಲ್ಲಿ, ಮೆಲ್ಬೋರ್ನಿನಲ್ಲಿ. ಒಂದು ತಂಡದಿಂದ 18 ಜನ ಮೈದಾನದಲ್ಲಿ ಇರ್ತಾರೆ. ಚೆಂಡನ್ನು ಒದೆಯಬಹುದು, ಹಿಡಿಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ದಾಟಿಸಬಹುದು, ಆದರೆ ಎಸೆಯುವ ಹಾಗಿಲ್ಲ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ, ಪಕ್ಕದಲ್ಲಿ ಹೋದರೆ 1. ನಡುಮೈದಾನದಲ್ಲಿ ಆಡುವವನು ಒಂದು ಪಂದ್ಯದಲ್ಲಿ ಹನ್ನೆರಡು ಕಿಲೋಮೀಟರಿಗಿಂತ ಹೆಚ್ಚು ಓಡುವುದು ಅಲ್ಲಿ ವಿಶೇಷವೇ ಅಲ್ಲ.

ಈಗ ಮುಖ್ಯ ವಿಷಯ. ಸಂಜೆ ಗದ್ದೆಯಲ್ಲಿ ಆಡಲು ಟೀಮ್ ಹಾಕುವಾಗ ಎಂತ ಮಾಡ್ತೀರಿ? ಇಬ್ಬರು ಕ್ಯಾಪ್ಟನ್‌ಗಳು ನಿಂತು, ಉಳಿದವರಲ್ಲಿ ಒಬ್ಬೊಬ್ಬನನ್ನೇ ಸರದಿ ಪ್ರಕಾರ ಕರೀತಾರೆ. ಡ್ರಾಫ್ಟ್ ಅಂದರೆ ಅಷ್ಟೆ. ಅಲ್ಲಿ ಇಬ್ಬರ ಬದಲು 18 ಕ್ಲಬ್‌ಗಳು. ಪ್ರತಿವರ್ಷ ನವೆಂಬರಿನಲ್ಲಿ, ಆ ವರ್ಷ ಡಿಸೆಂಬರ್ 31ರೊಳಗೆ 18 ತುಂಬುವ ಹುಡುಗರನ್ನು ಮತ್ತು ಹಿಂದಿನ ವರ್ಷಗಳಲ್ಲಿ ಆಯ್ಕೆಯಾಗದೆ ಉಳಿದವರನ್ನು ಒಬ್ಬೊಬ್ಬರಾಗಿ ಕರೀತಾರೆ. ಕಳೆದ ಸೀಸನ್ನಿನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ಕ್ಲಬ್ಬಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯದ್ದು. ಸೋತವನಿಗೆ ಒಳ್ಳೆಯವನು ಸಿಕ್ಕಿದರೆ ಮುಂದಿನ ವರ್ಷ ಆಟ ಸಮಸಮ ಆಗ್ತದೆ ಅನ್ನುವ ಲೆಕ್ಕ. ಈ ಪದ್ಧತಿ ಅಲ್ಲಿ 1986ರಲ್ಲಿ ಶುರುವಾಯಿತು.

ಸರದಿಯನ್ನು ಕ್ಲಬ್‌ಗಳು ತಮ್ಮೊಳಗೆ ಬದಲಾಯಿಸಿಕೊಳ್ಳಬಹುದು. 2015ರಿಂದ ಬರುವ ವರ್ಷದ ಸರದಿಯನ್ನೂ ಈ ವರ್ಷವೇ ಕೊಡಬಹುದು. ಹಾಗಾಗಿ ಎಲ್ಲ ಕ್ಲಬ್‌ಗಳೂ ಕೇಳುವ ಪ್ರಶ್ನೆ: ಬರುವ ಡ್ರಾಫ್ಟ್‌ನಲ್ಲಿ ಆಳ ಎಷ್ಟುಂಟು? ಆಳ ಜಾಸ್ತಿ ಇದ್ದರೆ ಮೂವತ್ತನೆಯ ಸರದಿಗೂ ಒಳ್ಳೆಯ ಹುಡುಗ ಸಿಗ್ತಾನೆ. ಇಲ್ಲದಿದ್ದರೆ ಹತ್ತು ಜನ ಆದ ಮೇಲೆ ಪಾತ್ರೆ ಖಾಲಿ.

ಬಾವಿಯ ಕಟ್ಟೆ ಎಷ್ಟು ಚಂದ ಉಂಟು ಅಂತ ನೋಡಿ ಯಾರೂ ಆಳ ಹೇಳುವುದಿಲ್ಲ. ಏಪ್ರಿಲ್ ಕೊನೆಗೆ ಕೊಡಪಾನ ಇಳಿಸಿದಾಗ ಗೊತ್ತಾಗುವುದು. ಡ್ರಾಫ್ಟ್‌ನ ಕಥೆಯೂ ಹೀಗೆಯೇ. ಆದರೆ ಕೊಡಪಾನ ಇಳಿಸುವ ಮೊದಲೇ ಬೆಲೆ ಕಟ್ಟಬೇಕು, ಕಷ್ಟ ಇರುವುದು ಅಲ್ಲಿ.

2001ರ ಕಥೆ

ಈ ಲೀಗ್‌ನ ಚರಿತ್ರೆಯಲ್ಲಿ ತುಂಬ ಹೆಸರಾದ ಡ್ರಾಫ್ಟ್ 2001ರದ್ದು. ಆಗ ಇದ್ದದ್ದು 16 ಕ್ಲಬ್. ಕೊನೆಯ ಸ್ಥಾನಕ್ಕೆ ಬಿದ್ದದ್ದು ಪಶ್ಚಿಮ ಕರಾವಳಿಯ ಫ್ರೀಮ್ಯಾಂಟಲ್. ಅವರ ಕೈಯಲ್ಲಿ ಮೊದಲ ಸರದಿ ಇತ್ತು. ಅವರು ಎಂತ ಮಾಡಿದರು? 1, 20 ಮತ್ತು 36ನೆಯ ಸರದಿಗಳನ್ನು ಹಾಥಾರ್ನ್ ಕ್ಲಬ್ಬಿಗೆ ಕೊಟ್ಟು, ಬದಲಿಗೆ ಆಗಲೇ ಲೀಗ್‌ನಲ್ಲಿ ಆಡುತ್ತಿದ್ದ ಟ್ರೆಂಟ್ ಕ್ರೋಡ್ ಮತ್ತು ಲ್ಯೂಕ್ ಮೆಕ್‌ಫಾರ್ಲಿನ್ ಅನ್ನುವ ಇಬ್ಬರನ್ನು ತಂದರು. ಕೈಯಲ್ಲಿರುವ ಒಂದು ಹಕ್ಕಿ ಲೇಸು ಅನ್ನುವ ಯೋಚನೆ.

ಹಾಥಾರ್ನ್ ಮೊದಲ ಸರದಿಯಲ್ಲಿ ಲ್ಯೂಕ್ ಹಾಡ್ಜ್‌ನನ್ನು ಕರೆಯಿತು. ಎರಡನೆಯವನು ಲ್ಯೂಕ್ ಬಾಲ್, ಮೂರನೆಯವನು ಕ್ರಿಸ್ ಜಡ್. ಆಗಿನ ಮಾತೆಲ್ಲ ಈ ಮೂವರ ಬಗ್ಗೆಯೇ. ಮೂವರೂ ದೊಡ್ಡ ಆಟಗಾರರಾದರು, ಅದರಲ್ಲಿ ತಪ್ಪೇನೂ ಆಗಲಿಲ್ಲ. ಆದರೆ ಆಳದ ಕಥೆ ಇರುವುದು ಕೆಳಗೆ.

ಅಂಪೈರುಗಳು ಮತ ಹಾಕಿ ಕೊಡುವ ಬ್ರೌನ್‌ಲೋ ಪದಕ ಈ ಲೀಗ್‌ನ ಅತಿ ದೊಡ್ಡ ವೈಯಕ್ತಿಕ ಗೌರವ. 2001ರ ಡ್ರಾಫ್ಟ್‌ನಿಂದ ಬಂದವರಲ್ಲಿ ಐದು ಜನ ಅದನ್ನು ಗೆದ್ದರು. ಅವರ ಸರದಿ ಸಂಖ್ಯೆ ನೋಡಿ: ಕ್ರಿಸ್ ಜಡ್ 3, ಜಿಮ್ಮಿ ಬಾರ್ಟೆಲ್ 8, ಸ್ಯಾಮ್ ಮಿಚೆಲ್ 36, ಗ್ಯಾರಿ ಅಬ್ಲೆಟ್ (ಮಗ) 40, ಡೇನ್ ಸ್ವಾನ್ 58. ಜಡ್ ಮತ್ತು ಅಬ್ಲೆಟ್ ಎರಡೆರಡು ಬಾರಿ ಗೆದ್ದರು. 2004ರಿಂದ 2013ರವರೆಗಿನ ಹತ್ತು ವರ್ಷದಲ್ಲಿ ಏಳು ವರ್ಷದ ಪದಕಗಳ ಮೇಲೆ ಈ ಒಂದೇ ಬ್ಯಾಚಿನ ಹೆಸರುಂಟು (2012ರದ್ದು ಹಂಚಿಕೊಂಡದ್ದು).

58ನೆಯವನನ್ನು ಕರೆಯುವ ಹೊತ್ತಿಗೆ 57 ಸಲ ಬೇರೆ ಹೆಸರು ಹೇಳಿ ಆಗಿತ್ತು, ಯೋಚನೆ ಮಾಡಿ.

ಮಿಚೆಲ್‌ನ ಕಥೆ ಇನ್ನೂ ಸ್ವಾರಸ್ಯ. ಒಂದು ವರ್ಷ ಮೊದಲು, 2000ರ ಡ್ರಾಫ್ಟ್‌ನಲ್ಲಿ ಅವನನ್ನು ಯಾರೂ ಕರೆದಿರಲಿಲ್ಲ. ಓಟ ಸಾಲದು ಅನ್ನುವ ಮಾತಿತ್ತು. 2001ರಲ್ಲಿ ಅವನನ್ನು ತಂದ 36ನೆಯ ಸರದಿ ಯಾವುದು ಗೊತ್ತುಂಟಾ? ಫ್ರೀಮ್ಯಾಂಟಲ್ ಕೊಟ್ಟದ್ದೇ. ಹಾಥಾರ್ನ್ 2008ರಲ್ಲಿ ಕಪ್ ಗೆದ್ದಾಗ ಮಿಚೆಲ್ ನಾಯಕ, 2013, 2014, 2015ರಲ್ಲಿ ಸಾಲಾಗಿ ಗೆದ್ದಾಗ ಹಾಡ್ಜ್ ನಾಯಕ. ಅದೇ ವ್ಯವಹಾರದಲ್ಲಿ ಸಿಕ್ಕಿದ 20ನೆಯ ಸರದಿಯ ಹುಡುಗನ ಹೆಸರು ಇವತ್ತು ಹೆಚ್ಚಿನವರಿಗೆ ನೆನಪಿಲ್ಲ. ಮೂರು ಸರದಿಯಲ್ಲಿ 1 ಮತ್ತು 36 ಬಂಗಾರ, ನಡುವಿನದ್ದು ಅಲ್ಲ. ಇದನ್ನು ಮರೆಯಬೇಡಿ, ಮುಂದೆ ಬೇಕಾಗ್ತದೆ.

ಇನ್ನೂ ಒಂದು ಎಚ್ಚರಿಕೆ. ಅಬ್ಲೆಟ್ 40ನೆಯವನಾದದ್ದು ಯಾರಿಗೂ ಅವನು ಕಾಣಲಿಲ್ಲ ಅಂತಲ್ಲ. ಅವನ ತಂದೆ ಜೀಲಾಂಗ್ ಕ್ಲಬ್ಬಿನ ದೊಡ್ಡ ಆಟಗಾರ. ತಂದೆ ಆಡಿದ ಕ್ಲಬ್ಬಿಗೆ ಮಗನನ್ನು ತೆಗೆದುಕೊಳ್ಳುವ ಹಕ್ಕು ಕೊಡುವ ನಿಯಮ ಅಲ್ಲಿ ಉಂಟು. ಆಗ ಅದಕ್ಕೆ ಹಿಂದಿನ ಒಂದು ಸರದಿ ಖರ್ಚು ಮಾಡಿದರೆ ಸಾಕಿತ್ತು. ಹಾಗಾಗಿ 40 ಅನ್ನುವ ಸಂಖ್ಯೆ ಅವನ ಆಟದ ಅಳತೆಯಲ್ಲ, ನಿಯಮದ ಅಳತೆ. ಅಂಕಿ ಸಿಕ್ಕಿದ ಕೂಡಲೇ ಗ್ರಾಫ್ ಹಾಕುವ ಮೊದಲು ಆ ಅಂಕಿ ಹೇಗೆ ಹುಟ್ಟಿತು ಅಂತ ಕೇಳಬೇಕು. ಲ್ಯಾಬಿನಲ್ಲಿ ನಾನು ದಿನಾ ಬೊಬ್ಬೆ ಹಾಕುವುದು ಇದಕ್ಕೇ.

483ರ ಗುಟ್ಟು

ಒಂದು ಸರದಿಯ ಬೆಲೆ ಎಷ್ಟು? 2015ರಲ್ಲಿ ಲೀಗ್ ಇದಕ್ಕೊಂದು ಅಂಕಪಟ್ಟಿ ಮಾಡಿತು. ಹಿಂದಿನ ವರ್ಷಗಳಲ್ಲಿ ಯಾವ ಸರದಿಯಿಂದ ಬಂದ ಆಟಗಾರರು ಎಷ್ಟು ಸಂಬಳ ಪಡೆದರು ಅಂತ ನೋಡಿ ಮಾಡಿದ ಪಟ್ಟಿ. ನಂತರ ಅದನ್ನು ಪರಿಷ್ಕರಿಸಿದ್ದಾರೆ. ಆದರೂ ಮೊದಲಿನ ಪಟ್ಟಿಯನ್ನೇ ನಿಮಗೆ ತೋರಿಸುತ್ತೇನೆ, ಯಾಕೆಂದರೆ ಅದರೊಳಗೆ ಒಂದು ಚಂದದ ಗಣಿತ ಉಂಟು.

1ನೆಯ ಸರದಿಗೆ 3000 ಅಂಕ. 2ಕ್ಕೆ 2517. 4ಕ್ಕೆ 2034. 8ಕ್ಕೆ 1551. ಕಳೆದು ನೋಡಿ. 3000ದಿಂದ 2517ಕ್ಕೆ ಇಳಿದದ್ದು 483. 2517ರಿಂದ 2034ಕ್ಕೆ ಮತ್ತೆ 483. 2034ರಿಂದ 1551ಕ್ಕೆ ಪುನಃ 483. ಇನ್ನೊಂದು ಕಡೆಯಿಂದ ನೋಡುವ: 5ಕ್ಕೆ 1878, 10ಕ್ಕೆ 1395, 20ಕ್ಕೆ 912, 40ಕ್ಕೆ 429. ಇಲ್ಲೂ ಅದೇ 483! ಸರದಿ ಸಂಖ್ಯೆ ದುಪ್ಪಟ್ಟಾದಾಗಲೆಲ್ಲ ಬೆಲೆ 483 ಇಳೀತದೆ. ಪ್ಲಸ್ ಟುಗೆ ಹೋದಾಗ ಇದಕ್ಕೆ ಲಾಗರಿದಮ್ ಅಂತ ಹೆಸರು ಕೇಳ್ತೀರಿ, ಆಗ ಹೆದರಬೇಡಿ, ಇವತ್ತೇ ನೋಡಿ ಆಯಿತು.

ಇದರ ಅರ್ಥ: ಮೇಲೆ ಇಳಿಜಾರು ಕಡಿದು, ಕೆಳಗೆ ಹೋದ ಹಾಗೆ ಸಪಾಟು. 1ರಿಂದ 2ಕ್ಕೆ ಹೋಗಲು ಕಳೆದುಕೊಳ್ಳುವಷ್ಟೇ ಬೆಲೆಯನ್ನು 20ರಿಂದ 40ಕ್ಕೆ ಹೋಗಲು ಕಳೆದುಕೊಳ್ತೇವೆ. ನಮ್ಮ ಊರಿನ ಗುಡ್ಡದ ಹಾಗೆ, ತಲೆಯ ಹತ್ತಿರ ಕಡಿದಾದ ಮುರಕಲ್ಲು, ಕೆಳಗೆ ಬಂದರೆ ಬಯಲು.

ಆದರೆ ಈ ಪಟ್ಟಿ ಎಷ್ಟೋ ವರ್ಷಗಳನ್ನು ಸೇರಿಸಿ ಮಾಡಿದ ಸರಾಸರಿ. ಯಾವ ಒಂದು ವರ್ಷವೂ ಸರಿಯಾಗಿ ಹಾಗೆಯೇ ಇರುವುದಿಲ್ಲ. ಆಳವಾದ ವರ್ಷ ಅಂದರೆ ಗೆರೆ ನಿಧಾನ ಇಳಿಯುವ ವರ್ಷ. ತೆಳುವಾದ ವರ್ಷ ಅಂದರೆ ಬೇಗ ಇಳಿಯುವ ವರ್ಷ. ಪಟ್ಟಿಯ ಪ್ರಕಾರ 10ನೆಯ ಸರದಿ 1395, 20ನೆಯದ್ದು 912, 37ನೆಯದ್ದು 483. ಹಾಗಾದರೆ 10ನ್ನು ಕೊಟ್ಟು 20 ಮತ್ತು 37 ಎರಡನ್ನೂ ತಗೊಂಡರೆ ಲೆಕ್ಕ ಸರಿಸಮ. ಯಾರಿಗೂ ನಷ್ಟವಿಲ್ಲ, ಕಾಗದದ ಮೇಲೆ. ಆಳವಾದ ವರ್ಷದಲ್ಲಿ ಎರಡು ತಗೊಂಡವನು ಗೆದ್ದ. ತೆಳುವಾದ ವರ್ಷದಲ್ಲಿ 10ನ್ನು ಬಿಡದೆ ಹಿಡಿದುಕೊಂಡವನು ಗೆದ್ದ. ಬರುವ ಡ್ರಾಫ್ಟ್‌ನ ಆಳ ಊಹಿಸಲು ಕ್ಲಬ್‌ಗಳು ವರ್ಷವಿಡೀ ಜನ ಕಳಿಸಿ ಹದಿನೇಳರ ಹುಡುಗರ ಆಟ ನೋಡಿಸುವುದು ಈ ಒಂದು ವ್ಯತ್ಯಾಸಕ್ಕೋಸ್ಕರ.

ತುದಿ ನೋಡಿ ಆಳ ಹೇಳಬಹುದಾ?

ಆಗುವುದಿಲ್ಲ. ಕಾರಣ ನಿಮ್ಮ ಶಾಲೆಯಲ್ಲೇ ಪರೀಕ್ಷಿಸಬಹುದು. ಪಿ.ಟಿ. ಮಾಷ್ಟ್ರ ಹತ್ತಿರ ಮಕ್ಕಳ ಎತ್ತರ ಬರೆದ ಪುಸ್ತಕ ಇರ್ತದೆ. ನಾಲ್ಕೈದು ವರ್ಷದ ಹತ್ತನೇ ಕ್ಲಾಸಿನ ಎತ್ತರಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಬರೆಯಿರಿ. ಪ್ರತಿವರ್ಷದ ಮೊದಲನೆಯವನ ಎತ್ತರ ನೋಡಿ, ಇಪ್ಪತ್ತನೆಯವನ ಎತ್ತರವನ್ನೂ ನೋಡಿ. ಸಾಮಾನ್ಯವಾಗಿ ಮೊದಲನೆಯವನದ್ದು ವರ್ಷದಿಂದ ವರ್ಷಕ್ಕೆ ಹಾರಾಡ್ತದೆ. ಒಂದು ವರ್ಷ ಎಲ್ಲಿಂದಲೋ ಒಬ್ಬ ತೆಂಗಿನಮರದ ಹಾಗೆ ಬಂದಿರ್ತಾನೆ, ಮುಂದಿನ ವರ್ಷ ಅಂಥವನಿಲ್ಲ. ಇಪ್ಪತ್ತನೆಯವನು ಮಾತ್ರ ಹೆಚ್ಚುಕಡಿಮೆ ಅಲ್ಲೇ ಇರ್ತಾನೆ. ತುದಿಯಲ್ಲಿ ಇರುವವರು ಕೆಲವೇ ಜನ, ಹಾಗಾಗಿ ಅಲ್ಲಿ ಅದೃಷ್ಟದ ಪಾಲು ಹೆಚ್ಚು. ನಡುವಿನಲ್ಲಿ ಜನ ಒತ್ತಾಗಿ ನಿಂತಿದ್ದಾರೆ, ಒಬ್ಬ ಇಲ್ಲದಿದ್ದರೆ ಅಷ್ಟೇ ಎತ್ತರದ ಇನ್ನೊಬ್ಬ ಇದ್ದಾನೆ.

ಇದರಿಂದ ಎರಡು ವಿಷಯ ಹೊರಡ್ತದೆ. ಒಂದು, ಮೊದಲನೆಯವನು ಅಸಾಧ್ಯ ಒಳ್ಳೆಯವನಾದರೆ ಆ ವರ್ಷ ಆಳವಾದದ್ದು ಅನ್ನುವ ಹಾಗಿಲ್ಲ. ಎರಡು, ಮೊದಲನೆಯವನು ಸಾಧಾರಣ ಅನ್ನಿಸಿದರೆ ಆ ವರ್ಷ ತೆಳು ಅನ್ನುವ ಹಾಗೂ ಇಲ್ಲ. "ಈ ಸಲ ಡ್ರಾಫ್ಟ್ ಡಲ್" ಅಂತ ಅಲ್ಲಿ ಬರುವ ಮಾತಿನಲ್ಲಿ ಅರ್ಧಕ್ಕರ್ಧ ತುದಿಯ ಬಗ್ಗೆ ಹೇಳಿದ ಮಾತೇ ಹೊರತು ಆಳದ್ದಲ್ಲ ಅಂತ ನನ್ನ ಅಭಿಪ್ರಾಯ. ನಮ್ಮ ಟೀಚರ್ಸ್ ರೂಮಿನ ಮಾತೂ ಅದೇ ಜಾತಿಯದ್ದು.

2023 ಮತ್ತು 2024ನ್ನು ಪಕ್ಕಪಕ್ಕ ಇಟ್ಟು ನೋಡಿ. 2023ರಲ್ಲಿ ವರ್ಷವಿಡೀ ಒಬ್ಬನದ್ದೇ ಸುದ್ದಿ, ಹಾರ್ಲಿ ರೀಡ್. ಮೊದಲ ಸರದಿ ಇದ್ದ ವೆಸ್ಟ್ ಕೋಸ್ಟ್ ಕ್ಲಬ್ಬಿನ ಬಾಗಿಲಿಗೆ ಬೇರೆಯವರು ಬಂದು ಏನೇನೋ ಕೊಡ್ತೇವೆ ಅಂದರೂ ಅವರು ಆ ಸರದಿ ಬಿಟ್ಟುಕೊಡಲಿಲ್ಲ. ಅದು ತುದಿ ಇರುವ ಗುಡ್ಡ. 2024ರಲ್ಲಿ ಹಾಗೆ ಎದ್ದು ಕಾಣುವ ಒಬ್ಬನಿರಲಿಲ್ಲ, ಮುಂದೆ ನಿಂತವರು ಸುಮಾರು ಜನ, ಒಬ್ಬೊಬ್ಬ ಪತ್ರಕರ್ತನ ಪಟ್ಟಿ ಒಂದೊಂದು ರೀತಿ. ಅದು ಅಗಲವಾದ ಗುಡ್ಡ. ಆ ವರ್ಷ ಕೊನೆಯ ಸ್ಥಾನದಲ್ಲಿದ್ದ ರಿಚ್ಮಂಡ್ ಕ್ಲಬ್ ತನ್ನ ಕೆಲವು ಒಳ್ಳೆಯ ಆಟಗಾರರನ್ನೇ ಬಿಟ್ಟುಕೊಟ್ಟು ಸರದಿಗಳನ್ನು ರಾಶಿ ಹಾಕಿತು. ಮೊದಲ ಮೂವತ್ತರೊಳಗೆ ಏಳು ಹುಡುಗರನ್ನು ಕರೆಯಿತು, ಅವರಲ್ಲಿ ಮೊದಲನೆಯವನು ಸ್ಯಾಮ್ ಲಾಲರ್. ಅಗಲವಾದ ಗುಡ್ಡದಲ್ಲಿ ಒಂದು ತುದಿಗಿಂತ ಏಳು ಜಾಗ ಮೇಲು ಅನ್ನುವ ಪಣ ಅದು. ಗೆದ್ದರಾ? ಹದಿನೆಂಟರ ಹುಡುಗ ಪೂರ್ತಿ ಆಟಗಾರನಾಗಲು ಐದಾರು ವರ್ಷ ಬೇಕು. 2030ಕ್ಕೆ ಕೇಳಿ.

ಸ್ಟಾಪ್‌ವಾಚಿನ ಮಿತಿ

ಆಳವನ್ನು ಮೊದಲೇ ಅಳೆಯಲು ಅವರು ಎಂತೆಲ್ಲ ಮಾಡ್ತಾರೆ? ಡ್ರಾಫ್ಟ್‌ಗೆ ಮೊದಲು ಹುಡುಗರನ್ನು ಒಂದೆಡೆ ಕರೆಸಿ 20 ಮೀಟರ್ ಓಟ, 2 ಕಿಲೋಮೀಟರ್ ಓಟ, ನಿಂತಲ್ಲಿಂದ ಮೇಲೆ ಹಾರುವುದು, ಓಡಿ ಬಂದು ಹಾರುವುದು, ಅಡ್ಡಾದಿಡ್ಡಿ ತಿರುಗಿ ಓಡುವುದು ಎಲ್ಲ ಮಾಡಿಸ್ತಾರೆ.

20 ಮೀಟರ್ ಓಟವನ್ನೇ ತಗೊಳ್ಳುವ. ಒಳ್ಳೆಯ ಹುಡುಗ ಸುಮಾರು 3 ಸೆಕೆಂಡಿನಲ್ಲಿ ಮುಗಿಸ್ತಾನೆ. ಸರಾಸರಿ ವೇಗ ಸೆಕೆಂಡಿಗೆ 6.7 ಮೀಟರ್, ಅಂದರೆ ಗಂಟೆಗೆ 24 ಕಿಲೋಮೀಟರ್. ನಿಂತಲ್ಲಿಂದ ಹೊರಡುವುದರಿಂದ ಕೊನೆಯ ವೇಗ ಇದಕ್ಕಿಂತ ಹೆಚ್ಚು, ಸೆಕೆಂಡಿಗೆ 8 ಮೀಟರ್ ಅಂತ ಇಟ್ಟುಕೊಳ್ಳಿ. ಹಾಗಾದರೆ ಒಬ್ಬ 2.9, ಇನ್ನೊಬ್ಬ 3.0 ಸೆಕೆಂಡ್ ಓಡಿದರೆ ಗೆರೆಯ ಹತ್ತಿರ ಇಬ್ಬರ ನಡುವೆ ಸುಮಾರು 80 ಸೆಂಟಿಮೀಟರ್. ಒಂದು ಕೈಯ ಉದ್ದ. ಚೆಂಡು ಯಾರಿಗೆ ಸಿಗ್ತದೆ ಅನ್ನುವುದು ಅಷ್ಟರಲ್ಲೇ ತೀರ್ಮಾನ.

ಇದನ್ನು ನಾವು ಮೈದಾನದಲ್ಲಿ ಸ್ಟಾಪ್‌ವಾಚ್ ಒತ್ತಿ ಅಳೆದರೆ? ಕಣ್ಣು ನೋಡಿ ಬೆರಳು ಒತ್ತುವಷ್ಟರಲ್ಲಿ ಸುಮಾರು 0.2 ಸೆಕೆಂಡ್ ಹೋಗ್ತದೆ, ಅದೂ ಪ್ರತಿ ಸಲ ಒಂದೇ ರೀತಿ ಅಲ್ಲ. ಹುಡುಗರ ನಡುವಿನ ವ್ಯತ್ಯಾಸ 0.1, ನಮ್ಮ ಬೆರಳಿನ ತಪ್ಪು ಅಷ್ಟೇ ಅಥವಾ ಅದಕ್ಕಿಂತ ಜಾಸ್ತಿ. ಆಗ ನಾವು ಅಳೆದದ್ದು ಹುಡುಗನನ್ನಾ, ಬೆರಳನ್ನಾ? ಅದಕ್ಕೇ ಅಲ್ಲಿ ಬೆಳಕಿನ ಕಿರಣ ಕಡಿದಾಗ ತಾನಾಗಿ ನಿಲ್ಲುವ ಗಡಿಯಾರ ಇಡ್ತಾರೆ.

ಓಟಕ್ಕೆ ಅಂಥ ಗಡಿಯಾರ ಉಂಟು. ಆದರೆ ಒತ್ತಡದಲ್ಲಿ ಚೆಂಡನ್ನು ಯಾರಿಗೆ ಕೊಡಬೇಕು ಅಂತ ಯೋಚಿಸುವ ಬುದ್ಧಿಗೆ ಇಲ್ಲ. ಓಟ ಸಾಲದು ಅನ್ನಿಸಿಕೊಂಡ ಮಿಚೆಲ್ ಅಲ್ಲಿ ತಪ್ಪಿಸಿಕೊಂಡದ್ದು. ಹಾಗಾಗಿ ಹುಡುಗರನ್ನು ನೋಡುವವರ ಪಟ್ಟಿಯಲ್ಲಿ ಮೊದಲ ಆರೇಳು ಹೆಸರು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಇರ್ತದೆ, 25ರಿಂದ ಕೆಳಗೆ ಒಬ್ಬನ ಪಟ್ಟಿಗೂ ಇನ್ನೊಬ್ಬನದ್ದಕ್ಕೂ ಸಂಬಂಧ ಕಡಿಮೆ. ಅಲ್ಲಿ ಹುಡುಗರ ನಡುವಿನ ವ್ಯತ್ಯಾಸಕ್ಕಿಂತ ಅಳತೆಯ ತಪ್ಪು ದೊಡ್ಡದು. ಆ ಜಾಗದಲ್ಲಿ 30ನೆಯವನು 45ನೆಯವನಿಗಿಂತ ಮೇಲು ಅಂತ ಹೇಳುವುದು ಬೆರಳನ್ನು ಅಳೆದ ಹಾಗೆ. ಹಾಥಾರ್ನ್‌ನ 20 ಮತ್ತು 36 ನೆನಪುಂಟಲ್ಲ?

ಹಾಗಾದರೆ ಅಲ್ಲಿ ಎಂತ ಮಾಡಬೇಕು? ಮೇಲಿನ ಸರದಿಗೆ ಹೋರಾಡುವುದಕ್ಕಿಂತ ಹೆಚ್ಚು ಸರದಿ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಬೀಜ ಆರಿಸಲು ಗೊತ್ತಾಗದಿದ್ದರೆ ನಾಲ್ಕು ಬಿತ್ತಬೇಕು. ಹೀಗೆ ಹೇಳುವಾಗ ಒಂದು ಅಡ್ಡಮಾತು. ಸ್ವಾನ್, ಮಿಚೆಲ್ ಅಂತ ಗೆದ್ದವರ ಹೆಸರೇ ಹೇಳ್ತಾ ಹೋದರೆ ಮೋಸ ಆಗ್ತದೆ. 50ರ ನಂತರ ಬಂದ ಹೆಚ್ಚಿನ ಹುಡುಗರು ಕೆಲವೇ ಪಂದ್ಯ ಆಡಿ, ಇಲ್ಲವೇ ಆಡದೆಯೇ ಊರಿಗೆ ಹಿಂತಿರುಗ್ತಾರೆ. ನಮಗೆ ನೆನಪಿರುವುದು ಮೊಳಕೆ ಬಂದ ಬೀಜ ಮಾತ್ರ.

ಹುಟ್ಟಿದ ತಿಂಗಳು

ಕೆಲವು ಮಕ್ಕಳು ಜೂನ್ ಮೊದಲ ವಾರ ಹುಟ್ಟಿರ್ತಾರೆ, ಕೆಲವರು ಮುಂದಿನ ಮೇ ಕೊನೆಗೆ. ಇಬ್ಬರೂ ಒಂದೇ ಕ್ಲಾಸು. ಎರಡನೇ ತರಗತಿಯಲ್ಲಿ ಆ ಹನ್ನೊಂದು ತಿಂಗಳು ಎಷ್ಟು ದೊಡ್ಡದು ಅಂತ ನಿಮ್ಮ ತಮ್ಮ ತಂಗಿಯರನ್ನು ನೋಡಿದರೆ ಗೊತ್ತಾಗ್ತದೆ. ಓಟದ ಸ್ಪರ್ಧೆಗೆ ದೊಡ್ಡವನನ್ನೇ ಆರಿಸ್ತೇವೆ. ಆರಿಸಿದವನಿಗೆ ತರಬೇತಿ ಸಿಗ್ತದೆ, ತರಬೇತಿ ಸಿಕ್ಕಿದವನು ಮತ್ತೆ ಮುಂದೆ.

ಆಸ್ಟ್ರೇಲಿಯಾದಲ್ಲಿ ವಯಸ್ಸಿನ ಗೆರೆ ಡಿಸೆಂಬರ್ 31. ಡ್ರಾಫ್ಟ್‌ನಲ್ಲಿ ಕರೆಸಿಕೊಂಡವರ ಹುಟ್ಟಿದ ದಿನ ನೋಡಿದರೆ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ಲೆಕ್ಕಕ್ಕಿಂತ ಹೆಚ್ಚು ಕಾಣ್ತಾರೆ ಅಂತ ಸಂಶೋಧಕರು ತೋರಿಸಿದ್ದಾರೆ. ಜನವರಿಯಲ್ಲಿ ಹುಟ್ಟಿದರೆ ಕಾಲಿಗೆ ಬೇರೆ ಶಕ್ತಿ ಬರ್ತದಾ? ಇಲ್ಲ. ಪ್ರತಿಭೆ ಅಂತ ಬರೆದುಕೊಂಡದ್ದರಲ್ಲಿ ಸ್ವಲ್ಪ ವಯಸ್ಸೂ ಸೇರಿಕೊಂಡಿದೆ, ಅಷ್ಟೆ. ಹಾಗಾಗಿ ಒಂದು ವರ್ಷದ ಡ್ರಾಫ್ಟ್‌ನ ಆಳದಲ್ಲಿ ಸ್ವಲ್ಪ ಭಾಗ ಯಾವಾಗಲೂ ಅಡಗಿಕೊಂಡಿರ್ತದೆ: ತಡವಾಗಿ ಬೆಳೆದ ನವೆಂಬರಿನ ಹುಡುಗ ಒಂದೆರಡು ವರ್ಷ ಬಿಟ್ಟು ಬೇರೆ ದಾರಿಯಿಂದ ಬರ್ತಾನೆ. ಎರಡು ಮೀಟರ್ ಎತ್ತರದ ಹುಡುಗರದ್ದೂ ಹಾಗೆಯೇ, ಮೈ ಕೈ ಹಿಡಿತಕ್ಕೆ ಬರಲು ಅವರಿಗೆ ಹೆಚ್ಚು ಕಾಲ ಬೇಕು. 211 ಸೆಂಟಿಮೀಟರ್ ಎತ್ತರದ ಆರನ್ ಸ್ಯಾಂಡಿಲ್ಯಾಂಡ್ಸ್ ಮುಖ್ಯ ಡ್ರಾಫ್ಟ್‌ನಿಂದ ಬಂದವನಲ್ಲ. ಉಳಿದವರಿಗಾಗಿ ಇರುವ ರೂಕಿ ಡ್ರಾಫ್ಟ್‌ನಿಂದ ಬಂದು ಫ್ರೀಮ್ಯಾಂಟಲ್‌ಗೆ ವರ್ಷಗಟ್ಟಲೆ ಆಡಿದ.

ಬಾವಿ ಅದೇ, ಕೊಡಪಾನ ಹೆಚ್ಚು

ಪ್ರತಿವರ್ಷ ಹದಿನೆಂಟು ತುಂಬುವ ಹುಡುಗರ ಸಂಖ್ಯೆ ಹೆಚ್ಚು ಬದಲಾಗುವುದಿಲ್ಲ. ಹಾಗಿದ್ದರೂ ಕ್ಲಬ್ಬಿನ ಮಟ್ಟಿಗೆ ಆಳ ಬದಲಾಗ್ತದೆ, ಯಾಕೆಂದರೆ ನೀರು ಸೇದುವವರು ಬದಲಾಗ್ತಾರೆ. 2010ರ ಡ್ರಾಫ್ಟ್‌ನಲ್ಲಿ ಹೊಸ ತಂಡ ಗೋಲ್ಡ್ ಕೋಸ್ಟ್‌ಗೆ ಮೊದಲ ಮೂರು ಸರದಿ ಕೊಟ್ಟರು. 2011ರಲ್ಲಿ ಇನ್ನೊಂದು ಹೊಸ ತಂಡ, ಸಿಡ್ನಿಯ ಜಿ.ಡಬ್ಲ್ಯೂ.ಎಸ್., ಮೊದಲ ಐದನ್ನೂ ತಗೊಂಡಿತು. ಆ ವರ್ಷ ಹಳೆಯ ಕ್ಲಬ್ಬುಗಳಲ್ಲಿ ಕೊನೆಗೆ ಬಿದ್ದವರ ಪಾಡು ಯೋಚಿಸಿ. 2023ರಲ್ಲಿ ಗೋಲ್ಡ್ ಕೋಸ್ಟ್ ತನ್ನದೇ ಅಕಾಡೆಮಿಯಲ್ಲಿ ಬೆಳೆಸಿದ ನಾಲ್ಕು ಹುಡುಗರನ್ನು ಮೊದಲ ಸುತ್ತಿನಲ್ಲೇ ಇಟ್ಟುಕೊಂಡಿತು, ಆ ನಾಲ್ವರು ಬೇರೆಯವರಿಗೆ ಇಲ್ಲ. ಮುಂದೆ ಟಾಸ್ಮೇನಿಯಾ 19ನೆಯ ತಂಡವಾಗಿ 2028ರಲ್ಲಿ ಆಡಬೇಕೆಂಬ ಯೋಜನೆ ಉಂಟು. ಅದರ ಪಾಲಿಗೆ ಹೋಗುವ ಸರದಿಗಳನ್ನು ಲೆಕ್ಕ ಹಾಕಿಯೇ ಈಗ ಎಲ್ಲರೂ ಬರುವ ಡ್ರಾಫ್ಟ್‌ಗಳ ಆಳ ಹೇಳಬೇಕು.

ಕೆಲವೊಮ್ಮೆ ಬಾವಿಗೆ ಇಣುಕಲೂ ಆಗುವುದಿಲ್ಲ. 2020ರಲ್ಲಿ ಕೋವಿಡ್‌ನಿಂದಾಗಿ ವಿಕ್ಟೋರಿಯಾ ರಾಜ್ಯದ 18ರೊಳಗಿನವರ ಲೀಗ್ ನಡೆಯಲೇ ಇಲ್ಲ. ಅತಿ ಹೆಚ್ಚು ಆಟಗಾರರು ಬರುವ ರಾಜ್ಯ ಅದು. ಹುಡುಗರು ಮನೆಯಲ್ಲಿ, ನೋಡುವವರೂ ಮನೆಯಲ್ಲಿ. ಡ್ರಾಫ್ಟ್ ಮಾತ್ರ ನಡೆಯಿತು, ಹಿಂದಿನ ವರ್ಷ ಹದಿನೇಳರ ಹುಡುಗ ಹೇಗೆ ಆಡಿದ್ದ ಅನ್ನುವ ನೆನಪಿನ ಮೇಲೆ. ಆಗ ಆಳ ಕಡಿಮೆಯಾದದ್ದಲ್ಲ, ಹಗ್ಗ ತುಂಡಾದದ್ದು.

ನೀವು ಮಾಡಿ ನೋಡಿ

ಬೇಕಾದ್ದು ಒಂದು ಟೇಪು, ಸುಣ್ಣದ ಗೆರೆ, ಗ್ರಾಫ್ ಹಾಳೆ. ನಿಮ್ಮ ಕ್ಲಾಸಿನ ಎಲ್ಲರೂ ನಿಂತಲ್ಲಿಂದ ಮುಂದಕ್ಕೆ ಜಿಗಿಯಿರಿ. ಗೆರೆಯಿಂದ ಹಿಮ್ಮಡಿಯವರೆಗೆ ಅಳೆಯಿರಿ. ಅಳತೆಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಬರೆದು, ಅಡ್ಡಕ್ಕೆ ಸ್ಥಾನ, ಉದ್ದಕ್ಕೆ ದೂರ ಹಾಕಿ ಗೆರೆ ಎಳೆಯಿರಿ. ಎರಡು ದಿನ ಬಿಟ್ಟು ಇಡೀ ಕೆಲಸವನ್ನು ಪುನಃ ಮಾಡಿ, ಬೇರೆ ಬಣ್ಣದಲ್ಲಿ ಅದೇ ಹಾಳೆಯಲ್ಲಿ ಹಾಕಿ. ಇದು ಬಹಳ ಮುಖ್ಯ, ಉದಾಸೀನ ಮಾಡಬೇಡಿ.

ಮೊದಲ ದಿನ 12ನೆಯವನಾಗಿದ್ದವನು ಎರಡನೆಯ ದಿನ 19ನೆಯವನಾದರೆ ಆಶ್ಚರ್ಯಪಡಬೇಡಿ. ಎರಡೂ ದಿನ ತನ್ನ ಜಾಗ ಬಿಡದವರು ಎಷ್ಟು ಜನ ಎಣಿಸಿ. ಎಲ್ಲಿಂದ ಸ್ಥಾನಗಳು ಕಲಸಿಹೋಗ್ತವೆ ಅಂತ ಗುರುತು ಮಾಡಿ. ಅಲ್ಲಿಂದ ಕೆಳಗೆ ಸ್ಥಾನಕ್ಕೆ ಅರ್ಥವಿಲ್ಲ, ಅಲ್ಲಿ ಎಷ್ಟು ಜನ ಎಷ್ಟು ಎತ್ತರದಲ್ಲಿ ನಿಂತಿದ್ದಾರೆ ಅನ್ನುವುದಕ್ಕೆ ಅರ್ಥ ಉಂಟು. ಒಂಬತ್ತನೇ ಕ್ಲಾಸಿನವರ ಗೆರೆಯನ್ನೂ ಅದರ ಮೇಲೆ ಹಾಕಿ ಹೋಲಿಸಬಹುದು. ಹುಟ್ಟಿದ ತಿಂಗಳನ್ನೂ ಪಕ್ಕದಲ್ಲಿ ಬರೆದಿಡಿ, ಏನಾದರೂ ಕಾಣ್ತದಾ ನೋಡುವ.

ನಾನು ನನ್ನ ಹತ್ತನೇ ಕ್ಲಾಸಿನಲ್ಲಿ ಇದನ್ನು ಮಾಡಿಸಿದೆ. ಟೇಪು ಹಿಡಿದದ್ದು ಆ ಮೂರನೇ ಬೆಂಚಿನ ಹುಡುಗಿಯೇ. ಗೆರೆಗೆ ತುದಿ ಎಂಬುದು ಇರಲೇ ಇಲ್ಲ. ನಾಲ್ಕನೆಯವನಿಂದ ಶುರುವಾಗಿ ಹೆಚ್ಚುಕಡಿಮೆ ಇಡೀ ಕ್ಲಾಸು ಒಂದು ಬಯಲಿನ ಹಾಗೆ, ಅದೂ ಹಿಂದಿನ ಕ್ಲಾಸಿನವರ ಬಯಲಿಗಿಂತ ಮೇಲೆ. ಅವಳು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, "ಸರ್, ಇದು ಟೀಚರ್ಸ್ ರೂಮಿಗೆ" ಅಂದಳು. ಅದು ಈಗ ಅಲ್ಲಿ ಟೈಮ್ ಟೇಬಲಿನ ಪಕ್ಕ ಅಂಟಿಸಿ ಉಂಟು. ನಿಮ್ಮ ಶಾಲೆಯ ಹಾಳೆಗಳನ್ನೂ ಕಳಿಸಿ, ಎಲ್ಲ ಊರಿನ ಗೆರೆಗಳನ್ನು ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ಹಾಕುವ.